ಹದಿನೆಂಟು ಗೆರೆ

೧೯೮೬ರಲ್ಲಿ ನಾರಾಯಣಪುರದ ಕಾಲುವೆ ಕ್ವಾರ್ಟರ್ಸಿನಲ್ಲಿ ಕೂತು ನಾನು, ಸರ್ಕಾರಿ ವೈದ್ಯ, ಕಾಲುವೆ ಕೂಲಿಗಳ ಕೈ ಪರೀಕ್ಷಿಸುತ್ತಿದ್ದೆ. ಗಾಜಿನ ತೊಟ್ಟಿಗೆ ನೀರು ತುಂಬಿ, ಒಂದು ಬದಿಯಿಂದ ಕಿವಿಗೆ ಕೇಳದ ಶಬ್ದ ಬಿಟ್ಟು ಇನ್ನೊಂದು ಬದಿಯಲ್ಲಿ ಹಿಡಿಯುವ ಕೆಲಸ. ನಡುವೆ ಕೈ ಇಟ್ಟರೆ ಮಾಂಸ ಒಂದಿಷ್ಟು ಶಬ್ದ ನುಂಗುತ್ತದೆ. ಮೀಟರಿನ ಮುಳ್ಳು ಹದಿನೆಂಟು ಗೆರೆ ಇಳಿದು, ನಾಡಿಯ ಜೊತೆ ಸಣ್ಣಗೆ ನಡುಗುತ್ತದೆ.

ಒಂದು ಮಧ್ಯಾಹ್ನ ಹೂಳೆತ್ತುವ ಮರಿಲಿಂಗಮ್ಮ ಬಂದಳು.

"ಈ ಬಲಗೈ ನಂದಲ್ಲ ಅನಸಾಕತ್ತದರಿ ಸಾಹೇಬ್ರ."

ಅವಳು ಕೈ ಮುಳುಗಿಸಿದಳು. ಮುಳ್ಳು ಅಲುಗಲಿಲ್ಲ. ಬಳೆ ಗಾಜಿಗೆ ತಾಗಿತು, ಸದ್ದಾಗಲಿಲ್ಲ. ನನ್ನ ಕೈ ಇಟ್ಟು ನೋಡಿದೆ: ಹದಿನೆಂಟು. ಮತ್ತೆ ಅವಳದಿಟ್ಟರೆ ಬರೀ ನೀರಿದ್ದಂತೆ. ಹೊರಗೆ ತೆಗೆದಾಗ ಅವಳ ಕೈ ಒದ್ದೆಯೇ ಆಗಿರಲಿಲ್ಲ.

"ಏನ್ ಬಂತ್ರಿ?"

"ಎಲ್ಲಾ ಸರಿ ಇದೆಯಮ್ಮ," ಎಂದು ಸುಳ್ಳು ಹೇಳಿದೆ.

ಅವಳು ನನ್ನ ಮುಖವನ್ನೇ ನೋಡಿದಳು. "ದುಡದು ತಿನ್ನೂ ಕೈರಿ ಇದು. ನೀವರ ನನ್ನ ಕೈ ಬಿಡಬ್ಯಾಡ್ರಿ."

"ಬಿಡೋದಿಲ್ಲ," ಎಂದೆ, ಎಲ್ಲರಿಗೂ ಹೇಳುವ ಹಾಗೆ.

ಅವಳು ಹೋದ ಮೇಲೆ ಮೀಟರ್ ಆರಿಸಲು ಬಗ್ಗಿದೆ. ತೊಟ್ಟಿಯಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ. ಆದರೂ ಮುಳ್ಳು ಹದಿನೆಂಟು ಗೆರೆ ಇಳಿದು ನಡುಗುತ್ತಿತ್ತು. ನೀರು ಚೆಲ್ಲಿ ಹೊಸದು ತುಂಬಿದೆ. ಆಗಲೂ ಅಷ್ಟೇ.

ಮರುದಿನ ಕಕ್ಕೇರಾದ ಅವಳ ಮನೆಗೆ ಹೋದೆ. "ರಾತ್ರಿಯಿಂದ ಅಕಿ ಬಲಗೈ ಏಳವಲ್ದರಿ," ಎಂದ ಗಂಡ ಹುಲಗಪ್ಪ. ನಾನು ಕ್ವಾರ್ಟರ್ಸಿಗೆ ಮರಳಿ ಮತ್ತೆ ಮೀಟರ್ ನೋಡಿದೆ: ಹದಿನೆಂಟು.

ವರ್ಗವಾದಾಗ ಮೀಟರಿನ ಸಮೇತ ಆ ತೊಟ್ಟಿಯನ್ನು ಬಿಟ್ಟುಬರಲು ಮನಸ್ಸಾಗಲಿಲ್ಲ. ಅದು ಇಂದಿಗೂ ನನ್ನ ಮನೆಯಲ್ಲಿದೆ. ದಿನಾ ನೀರು ತುಂಬಿ ನೋಡುತ್ತೇನೆ. ಹದಿನೆಂಟು ಗೆರೆ ಹಾಗೇ ಇದೆ. ಹೋದ ಮಂಗಳವಾರದಿಂದ ಮಾತ್ರ ಆ ನಾಡಿಯ ನಡುಕ ನಿಧಾನವಾಗುತ್ತಿದೆ.