ಬಾಗಿಲಲ್ಲಿ ಬಗ್ಗಿದ ತಲೆ

"ನಮ್ಮತ್ತಿಗೆ ಕೊಲೆ ಮಾಡೋರಲ್ಲ ಅಕ್ಕಾ. ಆದ್ರೆ ಅವರೇ 'ನಾನೇ ಮಾಡ್ದೆ' ಅಂತಿದಾರೆ!" ಎನ್ನುತ್ತ ಮೇಲಿನ ಮನೆಯ ಹೆಂಗಸಿನ ಕುಳ್ಳ ಮೈದುನ ಗೂಬಕ್ಕನ ಹೊಸ್ತಿಲಲ್ಲೇ ಕುಸಿದು ಕೂತ.

ಕಟ್ಟಡದ ಕಳ್ಳತನ, ಕಿರುಕುಳಗಳನ್ನೆಲ್ಲ ಕೂತಲ್ಲೇ ಬಿಡಿಸುತ್ತಿದ್ದ ಆ ಮುದುಕಿಗೆ ಗೂಬಕ್ಕ ಎಂದು ಹೆಸರಿಟ್ಟವಳು ಎದುರುಮನೆಯ ಗೆಳತಿ, ವಕೀಲೆ. ಇಬ್ಬರೂ ಅವನ ಹಿಂದೆಯೇ ಮೇಲಿನ ಮಹಡಿಗೆ ಹೋದರು.

ಕುರ್ಚಿಯಲ್ಲಿ ನಿದ್ದೆಹೋಗಿದ್ದ ಗಂಡನ ಕತ್ತಿಗೆ ಹೆಂಡತಿ ಚೂರಿ ಹಾಕಿದ್ದಳು. ಮನೆಯ ಕ್ಯಾಮೆರಾ ಎಲ್ಲವನ್ನೂ ಹಿಡಿದಿತ್ತು. ಹತ್ತು ವರ್ಷದ ಹುಡುಗಿಯಷ್ಟೇ ಎತ್ತರದ ಆ ಹೆಂಗಸು ಪೊಲೀಸರ ನಡುವೆ ಕೂತು, "ನಾನೇ ಮಾಡ್ದೆ," ಎಂದು ಒಂದೇ ದನಿಯಲ್ಲಿ ಹೇಳುತ್ತಿದ್ದಳು. ಕಣ್ಣಲ್ಲಿ ಮಾತ್ರ ನೀರು ಧಾರೆಯಾಗಿ ಇಳಿಯುತ್ತಿತ್ತು.

ಒಳಕೋಣೆಯಲ್ಲಿ ಅವಳ ಮಾವ ಮಲಗಿದ್ದ. ಮಿದುಳಿಗೆ ಚಿಪ್ ಬೆಸೆಯುವುದರಲ್ಲಿ ಹೆಸರು ಮಾಡಿದ್ದ ಎಂಜಿನಿಯರ್. ಲಕ್ವ ಹೊಡೆದು ಕತ್ತಿನಿಂದ ಕೆಳಗೆ ಜೀವವಿರಲಿಲ್ಲ. ಪಾದಗಳು ಮಂಚದಾಚೆ ಚಾಚುತ್ತಿದ್ದವೆಂದು ಸ್ಟೂಲೊಂದನ್ನು ಜೋಡಿಸಿದ್ದರು. ಅವನೂ ಹೊರಲೋಕ ಕಾಣಲಿ ಎಂದು ಸೊಸೆ ತನ್ನ ಹೆಡತಲೆಗೆ ಚಿಪ್ ಹಾಕಿಸಿಕೊಂಡಿದ್ದಳು. ಅವಳು ನೋಡಿದ್ದೆಲ್ಲ ಮಂಚದ ಪಕ್ಕದ ಪೆಟ್ಟಿಗೆಯಿಂದ ಅವನ ತಲೆಗೆ ಬೆಸೆದಿದ್ದ ತಂತಿಯ ಮೂಲಕ ಅವನಿಗೂ ಕಾಣುತ್ತಿತ್ತು.

"ಚಿಪ್ ರಿಪೇರಿ ಕೆಲಸ ಮೈದುನಂದು. ಅವನೇ ಅವಳನ್ನ ಆಡಿಸಿರ್ಬೇಕು ಕಣೇ," ಎಂದು ವಕೀಲೆ ಪಿಸುಗುಟ್ಟಿದಳು.

ಗೂಬಕ್ಕ ವಿಡಿಯೊವನ್ನು ಮತ್ತೆ ಮತ್ತೆ ನೋಡಿದಳು. ಆಮೇಲೆ ಎಲ್ಲರನ್ನೂ ಮಂಚದ ಸುತ್ತ ಸೇರಿಸಿದಳು.

"ಚೂರಿ ಹಿಡಿದು ಅಡುಗೆಮನೆಯಿಂದ ಬರುವಾಗ ಇವಳು ತಲೆ ಬಗ್ಗಿಸಿದಾಳೆ, ನೋಡಿ. ಬಾಗಿಲು ಇವಳ ತಲೆಗಿಂತ ಎಷ್ಟು ಮೇಲಿದೆ! ಬಗ್ಗಿದ್ದು ಇವಳಲ್ಲ, ಇವಳೊಳಗೆ ಕೂತೋರು. ಮೈದುನನೂ ಕುಳ್ಳನೇ. ಆ ಬಾಗಿಲಿಗೆ ಹಣೆ ಚಚ್ಚಿಸಿಕೊಂಡು ಬಗ್ಗೋ ಅಭ್ಯಾಸ ಆಗಿರೋ ಎತ್ತರದೋರು ಈ ಮನೇಲಿ ಒಬ್ಬರೇ. ನೋಡೋಕಂತ ಹಾಕಿದ ಚಿಪ್‌ನಿಂದ ಮನುಷ್ಯರನ್ನ ಆಡಿಸೋ ವಿದ್ಯೆಯೂ ಅವರಿಗೆ ಗೊತ್ತು."

ಎಲ್ಲರ ಕಣ್ಣೂ ಮಂಚದತ್ತ ತಿರುಗಿತು. ಮುದುಕನಿಗೆ ನಾಚಿಕೆಯೇನೂ ಆದಂತಿರಲಿಲ್ಲ.

"ಅವಳಿಗೆ ತಲೆನೋವಂತೆ, ಚಿಪ್ ತೆಗೆಸ್ತೀನಿ ಅಂದ," ಎಂದ. "ನನಗೆ ಉಳಿದಿದ್ದೇ ಅವಳ ಎರಡು ಕಾಲು. ಮಗ ಅಂತ ಸುಮ್ಮನಿರಬೇಕಿತ್ತಾ?"

"ಕೀಳೋ ಅದನ್ನ!" ಎಂದು ಗೂಬಕ್ಕ ಗದರಿದಳು. ಮೈದುನ ಪೆಟ್ಟಿಗೆಯ ತಂತಿಯನ್ನು ಕಿತ್ತೆಸೆದ.

ಆ ಕ್ಷಣವೇ ಸೊಸೆ ನೆಲಕ್ಕೆ ಬಿದ್ದು ಚೀರಿದಳು. ವಕೀಲೆ ಓಡಿ ಹೋಗಿ ತಬ್ಬಿಕೊಂಡಳು. "ಅಳಬೇಡ ತಾಯಿ. ನಿನಗೆ ಎಚ್ಚರವೇ ಇರಲಿಲ್ಲ. ನಿನಗೇನೂ ಗೊತ್ತಾಗಿಲ್ಲ."

"ಎಚ್ಚರ ಇತ್ತು," ಎಂದಳು ಅವಳು. "ನನ್ನ ಬಾಯಲ್ಲಿ 'ನಾನೇ ಮಾಡ್ದೆ' ಅಂತಿದ್ದೋರೂ ಮಾವನೇ. ಚೂರಿ ಇಳಿದಾಗ ನಮ್ಮ ಯಜಮಾನ್ರು ಕಣ್ಣು ಬಿಟ್ಟು, 'ಯಾಕೆ ಪುಟ್ಟಿ?' ಅಂತ ಕೇಳಿದ್ರು. ನಾನಲ್ಲ ಅಂತ ಹೇಳೋಕೆ ನನಗೆ ಬಾಯಿರಲಿಲ್ಲ. ನಾನೇ ಅಂದ್ಕೊಂಡೇ ಹೋಗ್ಬಿಟ್ರು."