ಯಜಮಾನನಿಗೆ ಹಿಡಿಸದ ಘಮ

ಟಗರು ಒಮ್ಮೆ ಮೂಸಿ ನೋಡಿ, ಮುಖ ತಿರುಗಿಸಿ, ಗೋಡೆಯ ಕಡೆ ನಡೆದುಬಿಟ್ಟಿತು. ಡಾಕ್ಟರಮ್ಮ ಹಿಡಿದಿದ್ದ ಕೊಳವೆ ಕೆಳಗಿಟ್ಟಳು.

ಎಲ್ಲರೂ ಯಜಮಾನ ಎಂದು ಕರೆಯುವ ಈ ಕಪ್ಪು ಟಗರು ಅದರ ತಳಿಯಲ್ಲಿ ಉಳಿದ ಕೊನೆಯ ಅಪ್ಪಟ ಗಂಡು. ಹಲ್ಲು ಉದುರಿದೆ, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಇವತ್ತು ಅದರ ವೀರ್ಯ ಸಂಗ್ರಹಿಸಿ ಹೆಪ್ಪುಗಟ್ಟಿಸಿ ಇಡದಿದ್ದರೆ ಆ ತಳಿಯ ಕಥೆ ಮುಗಿದಂತೆಯೇ. ಅದಕ್ಕೆಂದೇ ಬೆದೆಗೆ ಬಂದ ಹೆಣ್ಣು ಕುರಿಯೊಂದನ್ನು ಎದುರಿಗೆ ಕಟ್ಟಿದ್ದರು. ಯಜಮಾನನ ಕಣ್ಣಿಗೆ ಅದು ಕಟ್ಟಿದ ಕಂಬಕ್ಕಿಂತಲೂ ಕಡೆಯಾಗಿತ್ತು.

"ಹೋದ ಸಲ ಅಭ್ಯಾಸ ಮಾಡಿಸುವಾಗ ಹಗ್ಗ ಕಿತ್ಕೊಂಡು ಓಡ್ತಿದ್ದ. ಇವತ್ತೇನಾಯ್ತು ಇವನಿಗೆ?" ಎಂದಳು ಡಾಕ್ಟರಮ್ಮ.

ಹಗ್ಗ ಹಿಡಿದಿದ್ದ ಕಂಬಳಿ ನೇಕಾರ ನೆಲ ನೋಡಿದ. ಬಣ್ಣ ಹಾಕಬೇಕಿಲ್ಲದ ಆ ಕಪ್ಪು ಉಣ್ಣೆಯ ಮೇಲಿನ ಪ್ರೀತಿಗೆ, ಬೇರೆಯವರೆಲ್ಲ ಬೇಗ ಕೊಬ್ಬುವ ಮಿಶ್ರ ತಳಿಗೆ ಹೋದರೂ ಇವನೊಬ್ಬ ಹಟ ಹಿಡಿದು ಈ ಕುರಿಗಳನ್ನು ಉಳಿಸಿಕೊಂಡಿದ್ದ. ನಗುವಾಗ ಮೊದಲು ಅವನ ಎಡಹುಬ್ಬು ನಗುತ್ತಿತ್ತು. ಇವತ್ತು ಅದೂ ಸುಮ್ಮನಿತ್ತು.

ಡಾಕ್ಟರಮ್ಮ ಕುರಿಯ ಬೆನ್ನು ಸವರಿ, ಅಂಗೈ ಮೂಸಿ ನೋಡಿದಳು. ಗುಲಾಬಿ ಘಮ.

"ಕುರಿಗೆ ಸ್ನಾನ ಮಾಡಿಸಿದೀರಾ?"

"ಸ್ವಲ್ಪ."

"ಸ್ವಲ್ಪ ಅಂದ್ರೆ?"

"ತಲೆಯಿಂದ ಬಾಲದ ತನಕ."

"ವಾಸನೆ ಹಿಡಿದೇ ಅಲ್ವಾ ಅವನು ಹತ್ರ ಬರೋದು? ಅದನ್ನೇ ತೊಳೆದು ಹಾಕಿದೀರಲ್ಲ. ಯಾಕೆ?"

"ನೀವು ಕುರಿ ಪಕ್ಕ ಮಂಡಿಯೂರಿ ಕೂತ್ಕೋತೀರ. ಬಟ್ಟೆ ಗಲೀಜಾಗುತ್ತೆ ಅಂತ."

ಬಾಗಿಲಲ್ಲಿದ್ದ ಅವನ ಚಿಕ್ಕಮ್ಮ ಸುಮ್ಮನಿರಲಿಲ್ಲ. "ನೆಲಕ್ಕೂ ಸೋಪು ಹಾಕಿ ಉಜ್ಜಿದಾನೆ ಡಾಕ್ಟ್ರೇ. ನೀವು ಬರೋ ದಿನ ಇವನ ಕಾಲು ನೆಲದ ಮೇಲೆ ನಿಲ್ಲಲ್ಲ."

ಡಾಕ್ಟರಮ್ಮನ ಕಿವಿ ಬಿಸಿಯಾಯಿತು. ಇಂಥ ಹೊತ್ತಲ್ಲಿ ಇಷ್ಟು ಖುಷಿಪಡುವುದು ಸರಿಯಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

"ಹಿತ್ತಲಲ್ಲಿ ಇನ್ನೊಂದು ಬೆದೆಗೆ ಬಂದಿದೆ," ಎಂದಳು ಚಿಕ್ಕಮ್ಮ. "ಪುಣ್ಯಕ್ಕೆ, ಅದರ ಸರದಿ ಬರೋಷ್ಟರಲ್ಲಿ ಸೋಪು ಮುಗಿದಿತ್ತು."

ಆ ಕುರಿ ಒಳಗೆ ಬಂದದ್ದೇ ತಡ, ಯಜಮಾನ ತಲೆಯೆತ್ತಿ ಮೇಲ್ತುಟಿ ಸುರುಳಿ ಮಾಡಿದ. ವಯಸ್ಸೇ ಮರೆತುಹೋಯಿತು ಅವನಿಗೆ. ಡಾಕ್ಟರಮ್ಮ ವೀರ್ಯ ಸಂಗ್ರಹದ ಕೊಳವೆ ಹಿಡಿದು ಮಂಡಿಯೂರಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿದಿತ್ತು.

ಮೈಕ್ರೋಸ್ಕೋಪಿಗೆ ಕಣ್ಣಿಟ್ಟವಳು ಅವನನ್ನು ಕೈಸನ್ನೆ ಮಾಡಿ ಕರೆದಳು. "ಬದುಕಿವೆ. ಎಲ್ಲ ಬದುಕಿವೆ. ಬನ್ನಿ, ನೋಡಿ."

ಅವನು ಬಗ್ಗಿದ. ಅವಳು ಸರಿದು ಜಾಗ ಬಿಡಲು ಮರೆತಳು, ಅಥವಾ ಹಾಗೆಂದುಕೊಂಡಳು. ಅವನ ಕೂದಲು ಅವಳ ಕೆನ್ನೆಗೆ ತಾಗಿತು.

"ಅಬ್ಬಾ, ಮುಗಿಬಿದ್ದು ಓಡ್ತಿವೆ," ಎಂದ ಅವನು ಪಿಸುದನಿಯಲ್ಲಿ.

ಎಲ್ಲವನ್ನೂ ಸಣ್ಣ ನಳಿಕೆಯಂಥ ಸ್ಟ್ರಾಗಳಲ್ಲಿ ತುಂಬಿ, ನಿಧಾನ ತಣಿಸಿ, ಸಂಜೆಯ ಹೊತ್ತಿಗೆ ಕೊರೆಯುವ ದ್ರವ ನೈಟ್ರೋಜನ್ ತುಂಬಿದ ಕ್ಯಾನಿಗೆ ಇಳಿಸಿದರು. ಬಿಳಿ ಹೊಗೆ ಉಕ್ಕಿತು. ಅವಳು ಮುಚ್ಚಳ ಹಾಕಿದಳು.

"ಇನ್ನು ಭಯ ಇಲ್ಲ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಕರಿ ಮರಿ ಹುಟ್ಟುತ್ತೆ."

"ಹಾಗಾದ್ರೆ ನೀವಿಲ್ಲಿಗೆ ಬರೋ ಕೆಲಸ ಮುಗೀತು."

"ಮುಗೀತು."

ಗೆದ್ದವನ ಮುಖ ಸೋತವನಂತೆ ಬಾಡಿತು. ಕ್ಯಾನನ್ನು ಜೀಪಿನವರೆಗೆ ಹೊತ್ತು ತಂದು, ಇಳಿಸಿ, ಅಲ್ಲೇ ನಿಂತ.

"ನಿನ್ನೆ ರಾತ್ರಿಯೆಲ್ಲ ಕೆಲಸ ಆಗ್ಲಿ ಅಂತ ಬೇಡ್ಕೊಂಡೆ. ಮಧ್ಯೆ ಒಂದ್ಸಲ, ಆಗದೇ ಇದ್ರೆ ನೀವು ಮತ್ತೆ ಬರ್ತೀರಲ್ಲ ಅಂತಾನೂ ಅನ್ನಿಸ್ತು."

"ಒಂದೇ ಸಲಾನಾ?"

"ಬೆಳಗಾಗೋ ತನಕ."

ಅವಳಿಗೆ ನಗು ಬಂತು, ಜೊತೆಗೇ ಕಣ್ಣು ತುಂಬಿತು. ಅವನ ಕೈ ಹಿಡಿದುಕೊಂಡಳು.

"ಈ ಕೆಲಸ ಮುಗೀಲಿ ಅಂತ ನಾನೆಷ್ಟು ಕಾದಿದೀನಿ ಗೊತ್ತಾ? ಯಜಮಾನನ ಡಾಕ್ಟ್ರಾಗಿ ನಿಂತ್ಕೊಂಡು ನಿಮ್ಮನ್ನ ಹೇಗೆ ನೋಡ್ಲಿ? ನಾಳೆ ನಂಗೆ ರಜಾ."

"ಅಂದ್ರೆ?"

"ಕುರಿ ನೋಡೋಕೆ ಬರಲ್ಲ. ನಿಮ್ಮನ್ನ ನೋಡೋಕೆ ಬರ್ತೀನಿ."