ಮೇಣ ಮೆತ್ತಿದ ಗಂಟೆ

"ಬೇರೆ ಏನು ಬೇಕಾದ್ರೂ ಮಾಡ್ಕೊಳ್ಳಿ ಡಾಕ್ಟ್ರೇ. ಎಣ್ಣೆ ಬಿಡಿ, ಬಣ್ಣ ಹೊಡೀರಿ. ಆ ಗಂಟೆ ಮಾತ್ರ ಮುಟ್ಟಬೇಡಿ," ಎಂದರು ಟೈಪಿಂಗ್ ಮೇಡಂ.

ಹಲ್ಲಿನ ಡಾಕ್ಟರು ಕನ್ನಡಕವನ್ನು ಹಣೆಗೇರಿಸಿ ಬಗ್ಗಿ ನೋಡಿದರು. ಟೈಪ್‌ರೈಟರಿನ ಹಿಂಬದಿಯಲ್ಲಿ, ಸಾಲು ಮುಗಿಯುತ್ತ ಬಂದಾಗ ಟಿಂಗ್ ಎನ್ನಬೇಕಾದ ಪುಟ್ಟ ಹಿತ್ತಾಳೆಯ ಗಂಟೆ. ಅದರ ಬಾಯಿಗೆ ಯಾರೋ ಕಪ್ಪು ಮೇಣ ಮೆತ್ತಿ, ಮೇಲೆ ಕಪ್ಪು ದಾರ ಬಿಗಿದಿದ್ದರು.

"ಏನು ಮೇಡಂ, ಗಂಟೆಗೆ ಹುಳುಕು ಹಲ್ಲಾ? ಸಿಮೆಂಟ್ ತುಂಬಿಸಿದ ಹಾಗಿದೆಯಲ್ಲ!"

ಮೇಡಂ ನಗಲಿಲ್ಲ. "ಮಾಟ ಮಾಡಿಸಿದ್ದು. ಹೇಗೋ ಬಾಯಿ ಕಟ್ಟಿ ಮಲಗಿಸಿದ್ದಾರೆ. ಎಬ್ಬಿಸಬೇಡಿ."

"ಅಷ್ಟು ಭಯ ಇದ್ರೆ ನನಗ್ಯಾಕೆ ಕೊಡ್ತೀರಿ?"

"ಬೆನ್ನು ಬಿದ್ದು ಕೇಳ್ದೋರು ನೀವು. ನನಗೂ ಇದನ್ನ ಕಾಯ್ದು ಕಾಯ್ದು ಸಾಕಾಗಿದೆ. ಕಪಾಟಿನಲ್ಲಿಟ್ಟು ನೋಡ್ಕೊಂಡಿರಿ, ಅಷ್ಟೇ."

ಓದಿದವರು ನಗುವ ಒಂದು ನಗುವಿದೆ, ತುಟಿಯ ಒಂದೇ ಪಕ್ಕದಲ್ಲಿ. ಡಾಕ್ಟರು ಅದನ್ನು ನಕ್ಕು, ಯಂತ್ರವನ್ನು ಮಗುವಿನಂತೆ ಎದೆಗವಚಿಕೊಂಡು ಮೆಟ್ಟಿಲಿಳಿದರು.

ಅವರು ಈ ಊರಿಗೆ ಹೊಸಬರು. ಹೆಂಡತಿ ತೀರಿಕೊಂಡ ಮನೆಯಲ್ಲಿ ಇರಲಾಗದೆ ಕ್ಲಿನಿಕ್ಕನ್ನೇ ಇಲ್ಲಿಗೆ ಎತ್ತಿಕೊಂಡು ಬಂದಿದ್ದರು. ಸಂಜೆ ಕೊನೆಯ ರೋಗಿ ಹೋದಮೇಲೆ ಮನೆಯಲ್ಲಿ ಫ್ರಿಜ್ಜಿನ ಗುಂಯ್ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಆ ಮೌನ ತಡೆಯಲಾಗದೆ ಹಳೆಯ ಟೈಪ್‌ರೈಟರುಗಳ ಹುಚ್ಚು ಹಿಡಿಸಿಕೊಂಡರು. ಊರಲ್ಲಿ ಅಂಥದೇ ಹುಚ್ಚಿನ ಒಂದು ಬಳಗವಿತ್ತು. ಟೈಪಿಂಗ್ ಶಾಲೆ ನಡೆಸಿ ಮುಚ್ಚಿದ ಮೇಡಂ ಅದರ ಹಿರಿಯರು. ಬಳಗಕ್ಕೆ ಒಂದು ಪದ್ಧತಿಯಿತ್ತು. ಯಂತ್ರವನ್ನು ಬಚ್ಚಿಡಬಾರದು, ಕೈಯಿಂದ ಕೈಗೆ ದಾಟಿಸಬೇಕು. ಎರವಲು ಪಡೆದವರು ಮೊದಲ ಸಾಲಿನಲ್ಲಿ ಕೊಟ್ಟವರ ಹೆಸರು ಹೊಡೆದು, ಗಂಟೆ ಬಾರಿಸುವವರೆಗೂ ಕೃತಜ್ಞತೆ ಹೇಳಬೇಕು. ಡಾಕ್ಟರಿಗೆ ಈ ಪದ್ಧತಿ ಬಹಳ ಹಿಡಿಸಿತ್ತು. ತಮ್ಮ ಹೆಸರನ್ನು ಯಾರಾದರೂ ಪ್ರೀತಿಯಿಂದ ಬರೆದು ಕಾಲವೇ ಆಗಿತ್ತು.

ಅವರಿಗೆ ಉಳಿದವಳು ಮಗಳೊಬ್ಬಳು. ಊರಿನ ಆ ತುದಿಯ ಹಾಸ್ಟೆಲ್ಲಿನಲ್ಲಿದ್ದಳು. ತಾಯಿ ಹೋದಮೇಲೆ ಅಪ್ಪ ಮಗಳ ನಡುವೆ ಮಾತು ಕಡಿಮೆಯಾಗಿತ್ತು. ಜಗಳವೇನೂ ಇರಲಿಲ್ಲ. ಇಬ್ಬರೂ ಒಂದು ಹೆಸರನ್ನು ಎತ್ತದಿರಲು ಹೋಗಿ ಉಳಿದ ಮಾತುಗಳನ್ನೂ ಬಿಟ್ಟಿದ್ದರು. ಭಾನುವಾರ ಬಂದು, ಸ್ವಲ್ಪ ಹೊತ್ತು ಟೈಪ್‌ರೈಟರಿನ ಕೀಲಿ ಕುಟ್ಟಿ, ಹೋಗುತ್ತಿದ್ದಳು. ನಕ್ಕಾಗ ಅವಳ ಮುಂದಿನ ಹಲ್ಲು ಕಾಣುತ್ತಿತ್ತು. ಚಿಕ್ಕವಳಿದ್ದಾಗ ಜಾರುಬಂಡೆಯಿಂದ ಬಿದ್ದು ಮುರಿದುಕೊಂಡಿದ್ದ ಹಲ್ಲು. ಡಾಕ್ಟರು ತಮ್ಮ ಕೈಯಾರೆ ಕಟ್ಟಿಕೊಟ್ಟಿದ್ದು. ಅಷ್ಟು ಚೆಂದದ ಕೆಲಸವನ್ನು ಮತ್ತೆ ಮಾಡಲು ಅವರಿಂದ ಆಗಿರಲಿಲ್ಲ.

ಶನಿವಾರ ಸಂಜೆ ನರ್ಸಮ್ಮ ಮನೆಗೆ ಹೋದಮೇಲೆ ಡಾಕ್ಟರು ಯಂತ್ರವನ್ನು ರೋಗಿಯ ಕುರ್ಚಿಯಲ್ಲೇ ಕೂರಿಸಿ ದೀಪ ಬಗ್ಗಿಸಿದರು. ಮೂಗ ಗಂಟೆಯ ಯಂತ್ರ ಎಂದರೆ ಸಂಗ್ರಹಕಾರನಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರು. ಕೈ ಸುಮ್ಮನಿರಲಿಲ್ಲ. ಕತ್ತರಿಯಿಂದ ದಾರ ಕತ್ತರಿಸಿದರು. ಹುಳುಕು ಕೆದಕುವ ಕೊಕ್ಕೆಯಿಂದ ಮೇಣ ಕೆದಕಿದರು. ಲವಂಗದ ಎಣ್ಣೆಯ ವಾಸನೆ ಹಳೆಯದಾಗಿ ತುಂಬಿದ್ದ ಆ ಕೋಣೆಯಲ್ಲಿ ಸುಟ್ಟ ಕೂದಲಿನ ವಾಸನೆ ಎದ್ದಿತು. ಮೇಣದ ಉಂಡೆಯೊಳಗೆ ನಿಜವಾಗಿಯೂ ಕೂದಲಿತ್ತು. ಗಂಡಸಿನದು, ಗಿಡ್ಡದು, ಬೂದಿ ಮೆತ್ತಿಕೊಂಡದ್ದು. "ಥೂ!" ಎಂದು ಕಸದ ಡಬ್ಬಿಗೆ ಎಸೆದರು.

ಗಂಟೆಯನ್ನು ಪರೀಕ್ಷಿಸಬೇಕಲ್ಲ. ಮುಟ್ಟಬೇಡಿ ಎಂದಿದ್ದ ಮೇಡಂ ಹೆಸರು ಹೊಡೆಯಲು ಮುಜುಗರವಾಯಿತು. ನರ್ಸಮ್ಮನ ಹೆಸರು ಹೊಡೆದು, ಸೋಮವಾರ ಬೇಗ ಬರಬೇಕೆಂದು ಒಂದು ಚೀಟಿ ಬರೆದರು. ಟಿಂಗ್. ಎಷ್ಟು ಸಿಹಿಯಾದ ನಾದ! ಹುರುಪು ಬಂದು, ದೂರದೂರಿನ ಅಕ್ಕನಿಗೆ ಪತ್ರ ಶುರುಮಾಡಿದರು. ಅಕ್ಕನ ಹೆಸರು, ಕ್ಷೇಮ ಸಮಾಚಾರ. ಟಿಂಗ್. ಎರಡನೆಯ ಸಲ ಆ ನಾದ ನಿಲ್ಲಲು ಬಹಳ ಹೊತ್ತು ತೆಗೆದುಕೊಂಡಿತು. ಡಾಕ್ಟರ ತೋಳಿನ ಕೂದಲು ನಿಮಿರಿತು. ಫ್ಯಾನು ಜೋರಾಗಿದೆ ಎಂದುಕೊಂಡು ಅದನ್ನು ಕಡಿಮೆ ಮಾಡಿದರು.

ಭಾನುವಾರ ಮಗಳು ಬಂದಳು. ಯಂತ್ರವನ್ನು ನೋಡಿ ಕಣ್ಣರಳಿಸಿದಳು.

"ಅಪ್ಪಾ, ಇದನ್ನ ನಾನು ಸ್ವಲ್ಪ ದಿನ ಇಟ್ಕೊಳ್ಲಾ?"

ಅಮ್ಮ ಹೋದಮೇಲೆ ಅವಳು ಅವರಲ್ಲಿ ಏನನ್ನೂ ಕೇಳಿರಲಿಲ್ಲ. ಡಾಕ್ಟರು ಹಿಗ್ಗಿ ಹೀರೆಕಾಯಿಯಾದರು.

"ಮೊದಲ ಸಾಲು ಯಾರ ಹೆಸರಲ್ಲಿ, ಗೊತ್ತಲ್ಲ ಮರಿ?"

"ಗೊತ್ತಪ್ಪಾ, ನಿಂದೇ. ರಿಬ್ಬನ್ ಒಣಗಿದೆ, ನಾಳೆ ಕಾಲೇಜು ಮುಗಿಸಿ ಹೊಸದು ತಂದು ಹಾಕಿ ಹೊಡೀತೀನಿ," ಎಂದು ನಕ್ಕಳು. ಹಲ್ಲು ಹೊಳೆಯಿತು. ಆ ದಿನವೆಲ್ಲ ಡಾಕ್ಟರಿಗೆ ಮನೆ ಅಷ್ಟು ಖಾಲಿ ಎನಿಸಲಿಲ್ಲ.

ಸೋಮವಾರ ಕ್ಲಿನಿಕ್ಕಿನ ಬಾಗಿಲಲ್ಲಿ ನರ್ಸಮ್ಮ ತಡೆದಳು. "ಕೂತ್ಕೊಳ್ಳಿ, ಡಾಕ್ಟ್ರು ಇನ್ನೂ ಬಂದಿಲ್ಲ. ಯಾವ ಹಲ್ಲು ನೋವು?"

"ಬೆಳಿಗ್ಗೆ ಬೆಳಿಗ್ಗೆ ತಮಾಷೆ ಬೇಡಮ್ಮ."

ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. ಬೆಂಚಿನ ಮೇಲಿದ್ದ ಮುದುಕಿ ಎದ್ದು "ನಮಸ್ಕಾರ ಡಾಕ್ಟ್ರೇ" ಎಂದಾಗ ನರ್ಸಮ್ಮ ಮುದುಕಿಯನ್ನು ನೋಡಿದಳು, ಇವರನ್ನು ನೋಡಿದಳು, ಬಿಳಚಿಕೊಂಡಳು. ಚೀಲ ತೆಗೆದುಕೊಂಡು ಹಿಂದೆ ತಿರುಗದೆ ಹೊರಟುಹೋದಳು.

ಮೈ ಹುಷಾರಿಲ್ಲವೇನೋ ಎಂದುಕೊಂಡರು. ಆದರೂ ಮನಸ್ಸು ತಡೆಯಲಿಲ್ಲ. ಸಂಜೆಯ ಹೊತ್ತಿಗೆ ಅಕ್ಕನಿಗೆ ಫೋನ್ ಮಾಡಿದರು.

"ಯಾರು ಮಾತಾಡೋದು?"

"ನಾನೇ ಕಣಕ್ಕಾ."

"ನಾನು ಅಂದ್ರೆ?"

"ನಿನ್ನ ತಮ್ಮ!"

"ನನಗೆ ತಮ್ಮ ಇಲ್ಲಪ್ಪಾ. ಈ ನಂಬರ್ ಯಾರು ಕೊಟ್ರು ನಿಮಗೆ?"

ಡಾಕ್ಟರು ರೋಗಿಗಳನ್ನು ಹಾಗೇ ಬಿಟ್ಟು ಮೇಡಂ ಮನೆಗೆ ಓಡಿದರು.

ಮೇಡಂ ಬಾಗಿಲು ತೆರೆದು, ಅವರ ಮುಖ ನೋಡಿಯೇ ಗೋಡೆಗೊರಗಿದರು. "ತೆಗೆದುಬಿಟ್ರಾ?"

ಆಮೇಲೆ ಕಪಾಟಿನಿಂದ ಒಂದು ಫೋಟೊ ತಂದು ತೋರಿಸಿದರು. ಎರಡು ಜಡೆಯ ಇಬ್ಬರು ಹುಡುಗಿಯರು, ಒಬ್ಬಳ ತೋಳು ಇನ್ನೊಬ್ಬಳ ಹೆಗಲ ಮೇಲೆ.

"ಚಿಕ್ಕವಳು ನಾನು. ದೊಡ್ಡವಳು ಆಫೀಸಲ್ಲಿ ಟೈಪಿಸ್ಟ್ ಆಗಿದ್ಲಂತೆ. ಹೆಂಡತಿ ಇರೋದು ಮುಚ್ಚಿಟ್ಟು ಮದುವೆ ಆಗ್ತೀನಿ ಅಂದಿದ್ದ ಮ್ಯಾನೇಜರು ಎಲ್ಲರೆದುರು 'ಇವಳು ಯಾರೋ ನನಗೆ ಗೊತ್ತಿಲ್ಲ' ಅಂದ್ನಂತೆ. ಅವನ ಕೂದಲು ತಂದು ಮಾಟ ಮಾಡಿಸಿದ್ಲು. ಈ ಯಂತ್ರದಲ್ಲಿ ಯಾರು ಯಾರ ಹೆಸರು ಹೊಡೀತಾರೋ, ಆ ಹೆಸರಿನವರು ಹೊಡೆದವರನ್ನ ಮರೀತಾರೆ. ಗಂಟೆ ಹೊಡೆದ ಕೂಡ್ಲೇ. ಅವನು ಇದರಲ್ಲೇ ಹೆಂಡತಿ ಮಕ್ಕಳಿಗೆ ಕಾಗದ ಹೊಡೆದ, ಸ್ವಂತ ಮನೆ ಬಾಗಿಲಲ್ಲೇ ಪರದೇಶಿ ಆದ."

"ನಿಮ್ಮ ಅಕ್ಕ?"

"ಅಕ್ಕ ಅಂತಾರೆ." ಮೇಡಂ ಫೋಟೊದ ಮುಖವನ್ನು ಹೆಬ್ಬೆರಳಿನಿಂದ ಸವರಿದರು. "ಮಾಟ ಹಿಡಿದಿದ್ಯಾ ಅಂತ ನೋಡೋಕೆ ಮೊದಲು ನನ್ನ ಹೆಸರು ಹೊಡೆದ್ಲಂತೆ. ನನ್ನನ್ನ ಎತ್ತಿ ಬೆಳೆಸಿದವಳಂತೆ. ಎಷ್ಟು ನೋಡಿದ್ರೂ ಇವಳು ಯಾರು ಅಂತ ನನಗೆ ಗೊತ್ತಾಗಲ್ಲ ಡಾಕ್ಟ್ರೇ."

ಮಗಳ ಹೆಸರು ಹೊಡೆದಿಲ್ಲ. ಮೊದಲು ಹೊಳೆದದ್ದು ಅದು. ಹೋದ ಜೀವ ಬಂದಂತಾಗಿ ಡಾಕ್ಟರು ಕುರ್ಚಿಯ ಮೇಲೆ ಕುಸಿದರು.

"ಈಗ ಯಂತ್ರ ಯಾರ ಹತ್ರ ಇದೆ?" ಮೇಡಂ ಕೇಳಿದರು.

ಡಾಕ್ಟರು ಆಗಲೇ ಬಾಗಿಲು ದಾಟಿ ಓಡುತ್ತಿದ್ದರು.

ಫೋನ್ ಮಾಡಿದರು. ಸ್ವಿಚ್ ಆಫ್. ಮತ್ತೆ ಮಾಡಿದರು. ಬಸ್ಸು ಬರಲಿಲ್ಲ, ಆಟೊ ನಿಲ್ಲಲಿಲ್ಲ. ಓಡಿದರು. ಮಾರುಕಟ್ಟೆಯ ಕೊಳೆತ ಹಣ್ಣಿನ ವಾಸನೆ, ಕಾರುಗಳ ಹೊಗೆ, ಯಾರದೋ ಬೈಗುಳ. ಹೊತ್ತು ಮುಳುಗುತ್ತಿತ್ತು. ಅವಳು ನನ್ನನ್ನು ಮರೆಯುವಂತಿದ್ದರೆ ಚಿಂತೆಯಿರಲಿಲ್ಲ, ದೇವರೇ, ನಾನು ದಿನವೂ ಹೋಗಿ ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತಿದ್ದೆ. ನಾನು ಅವಳನ್ನು ಮರೆಯಬಾರದು. ಅವಳಿಗೆ ಅಮ್ಮನೂ ಇಲ್ಲ. ದೇವರನ್ನು ನಂಬದ ಮನುಷ್ಯ ಹಾಗೆ ಬೇಡಿಕೊಂಡಿದ್ದು ಅದೇ ಮೊದಲು.

ಹಾಸ್ಟೆಲ್ಲಿನ ಮೆಟ್ಟಿಲಲ್ಲಿ ಬಲ್ಬು ಹೋಗಿತ್ತು. ಕತ್ತಲು. ಫಿನಾಯಿಲ್ ವಾಸನೆ. ಅದರ ಕೆಳಗೆ, ಸುಟ್ಟ ಕೂದಲು.

ಮೇಲಿನಿಂದ ಸದ್ದು ಬಂತು. ಟಕ್. ಟಕ್ ಟಕ್.

ಮಗಳ ಹೆಸರು ಕೂಗಿದರು. ಉಸಿರಿಲ್ಲದೆ ಕೂಗು ಗಂಟಲಲ್ಲೇ ಉಳಿಯಿತು. ಟಕ್ ಟಕ್. ಒಂದು ತಿರುವು. ಮೊಣಕಾಲು ಕಲ್ಲಿಗೆ ಬಡಿಯಿತು. ಎದ್ದರು. ಟಕ್ ಟಕ್ ಟಕ್. ಕೃತಜ್ಞತೆ ಹೇಳುತ್ತಿದ್ದಾಳೆ. ಸಾಲು ತುಂಬುತ್ತಿದೆ. ಇನ್ನೊಂದು ತಿರುವು. ಬಾಗಿಲ ಕೆಳಗೆ ಬೆಳಕಿನ ಗೆರೆ. ಕೈ ಚಾಚಿದರು. ಬಾಗಿಲು ಬಡಿದರು. "ನಿಲ್ಸು ಮರಿ! ನಿಲ್—"

ಟಿಂಗ್.

ನಾದ ಮೆಟ್ಟಿಲ ಕತ್ತಲಲ್ಲಿ ಸುತ್ತಿ ಸುತ್ತಿ, ಬಹಳ ಹೊತ್ತಿನ ಮೇಲೆ ನಿಂತಿತು.

ಡಾಕ್ಟರು ಎತ್ತಿದ ಕೈಯನ್ನು ಇಳಿಸಿದರು. ಎದೆ ಏಕೆ ಹೀಗೆ ಹೊಡೆದುಕೊಳ್ಳುತ್ತಿದೆಯೋ ತಿಳಿಯಲಿಲ್ಲ. ಯಾವುದೋ ತುರ್ತು ಕೆಲಸಕ್ಕೆ ಬಂದಂತಿತ್ತು. ಯಾರ ಮನೆ ಇದು? ಕೆನ್ನೆ ಏಕೆ ಒದ್ದೆಯಾಗಿದೆ?

ಬಾಗಿಲು ತೆರೆಯಿತು. ಒಬ್ಬಳು ಹುಡುಗಿ, ಬೆರಳ ತುದಿಗೆ ಹೊಸ ರಿಬ್ಬನ್ನಿನ ಮಸಿ.

"ಅಪ್ಪಾ! ಇಲ್ಲೀವರೆಗೂ ಬಂದ್ಯಾ? ಬಾ ಬಾ, ನೋಡು, ಈಗಷ್ಟೇ ಮೊದಲ ಸಾಲು ಹೊಡ್ದೆ!" ಖುಷಿಯಿಂದ ಬಾಯಿತುಂಬ ನಕ್ಕಳು.

ಡಾಕ್ಟರು ಮರ್ಯಾದೆಯಿಂದ ಒಂದು ಹೆಜ್ಜೆ ಹಿಂದೆ ಸರಿದರು. ನನ್ನನ್ನು ತನ್ನಪ್ಪ ಎಂದುಕೊಂಡಿದೆ ಪಾಪ ಈ ಮಗು. ಅಷ್ಟರಲ್ಲಿ ಅವರ ಕಣ್ಣು, ಕಸುಬಿನ ಅಭ್ಯಾಸದಿಂದ, ಅವಳ ಮುಂದಿನ ಹಲ್ಲಿನ ಮೇಲೆ ನಿಂತಿತು. ಎಂಥ ಕೆಲಸ! ಮುರಿದಿತ್ತೆಂದೇ ಗೊತ್ತಾಗದ ಹಾಗಿದೆ.

"ಬಹಳ ಚೆನ್ನಾಗಿ ಕಟ್ಟಿದ್ದಾರಮ್ಮ ಈ ಹಲ್ಲನ್ನ," ಎಂದರು ಡಾಕ್ಟರು. "ಯಾರ ಹತ್ರ ಮಾಡಿಸಿದ್ದು?"